ಸಮುದ್ರದ ಅಸಲು, ಸಮುದ್ರದ ಬಡ್ಡಿ

(ಸಂಘದ ಮಹಿಳಾ ವಿಭಾಗದ ಪರಿಸರ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಪರಿಸರದ ಬಗ್ಗೆ ಮಾತಾಡಿ, ಆದರೆ ನೀವು ಎಂಟೆಕ್ ಓದಿದವರು, ಸ್ವಲ್ಪ ಗಣಿತವೂ ಇರಲಿ ಎಂದು ಕಾರ್ಯದರ್ಶಿಯವರು ಹೇಳಿದರು. ನನಗೆ ಥಟ್ಟನೆ ಹೊಳೆದದ್ದು ಮೀನು. ಮುಂಬೈಯ ನಮ್ಮ ಸಂಘದಲ್ಲಿ ಕರಾವಳಿಯವರೇ ಹೆಚ್ಚು, ನನ್ನ ಅಮ್ಮನ ಊರೂ ಮಲ್ಪೆಯ ಹತ್ತಿರ. ಸಸ್ಯಾಹಾರಿಗಳು ಬೇಸರ ಮಾಡಿಕೊಳ್ಳಬೇಡಿ. ಮೀನಿನ ಜಾಗದಲ್ಲಿ ಕಾಡಿನ ಬಿದಿರು ಇಟ್ಟುಕೊಂಡರೂ ಈ ಲೆಕ್ಕ ನಡೆಯುತ್ತದೆ.

ಒಂದು ಸಣ್ಣ ಕಡಲು ಎಂದುಕೊಳ್ಳಿ. ಅಲ್ಲಿ ಹೆಚ್ಚೆಂದರೆ 1000 ಬುಟ್ಟಿ ಬಂಗುಡೆ ಬದುಕಬಹುದು. ಆಹಾರ ಧಾರಾಳವಾಗಿದ್ದರೆ ವರ್ಷಕ್ಕೆ ನೂರಕ್ಕೆ 40ರಂತೆ ಅವು ಹೆಚ್ಚುತ್ತವೆ. ಅಂಕಿ ನಾನು ಉದಾಹರಣೆಗೆ ಇಟ್ಟುಕೊಂಡದ್ದು, ಸೂತ್ರ ಮಾತ್ರ ಹಳೆಯದು. ಬೆಲ್ಜಿಯಂನ ವೆರ್ಹುಲ್ಸ್ಟ್ ಎಂಬಾತ 1838ರಲ್ಲಿ ಮನುಷ್ಯರ ಜನಸಂಖ್ಯೆಗಾಗಿ ಬರೆದದ್ದು. 1954ರಲ್ಲಿ ಅಮೆರಿಕದ ಶೇಫರ್ ಅದನ್ನು ಮೀನುಗಾರಿಕೆಗೆ ತಂದರು. ಕಡಲಲ್ಲಿ 100 ಬುಟ್ಟಿ ಮಾತ್ರ ಉಳಿದಿದ್ದರೆ ಮೊಟ್ಟೆಯಿಡುವ ಮೀನೇ ಕಡಿಮೆ, ವರ್ಷದಲ್ಲಿ ಹೆಚ್ಚುವುದು 36 ಬುಟ್ಟಿ. 900 ಇದ್ದರೆ ಕಡಲು ತುಂಬಿಹೋಗಿದೆ, ಮರಿಗಳಿಗೆ ತಿನ್ನಲು ಸಾಲದು, ಆಗಲೂ 36. ಸರಿಯಾಗಿ ಅರ್ಧ, ಅಂದರೆ 500 ಇದ್ದಾಗ 100 ಬುಟ್ಟಿ ಹೆಚ್ಚುತ್ತದೆ. ಅದಕ್ಕಿಂತ ಹೆಚ್ಚಿನ ಬಡ್ಡಿ ಈ ಕಡಲು ಎಂದೂ ಕೊಡುವುದಿಲ್ಲ.

ಈಗ ಒಂದು ಸಣ್ಣ ಆಸೆ. 100ರ ಬದಲು ಪ್ರತಿ ವರ್ಷ 110 ಬುಟ್ಟಿ ಹಿಡಿಯೋಣ. ಬರೀ 10 ಹೆಚ್ಚು! ಎಕ್ಸೆಲ್‌ನಲ್ಲಿ ಹಾಕಿ ಎಳೆದು ನೋಡಿದೆ. 10 ವರ್ಷದ ನಂತರ ಕಡಲಲ್ಲಿ 387 ಬುಟ್ಟಿ ಉಳಿದಿತ್ತು. 15ಕ್ಕೆ 293. 20ಕ್ಕೆ 89. 22ನೇ ವರ್ಷಕ್ಕೆ ಹಿಡಿಯಲು ಮೀನೇ ಇಲ್ಲ. ನನ್ನನ್ನು ಹೆದರಿಸಿದ್ದು ಈ ಕೊನೆಯ ಸಾಲು ಅಲ್ಲ. 20 ವರ್ಷವೂ ದಕ್ಕೆಗೆ ಬಂದದ್ದು ಅದೇ 110 ಬುಟ್ಟಿ. ದಡದಲ್ಲಿ ನಿಂತು ಬುಟ್ಟಿ ಎಣಿಸಿದವರಿಗೆ ಏನೂ ತಪ್ಪು ಕಾಣುವುದಿಲ್ಲ. ಬಡ್ಡಿ ಎಂದುಕೊಂಡು ಅಸಲನ್ನೇ ತಿನ್ನುತ್ತಿದ್ದೇವೆ, ಪಾಸ್‌ಬುಕ್ ಮಾತ್ರ ನೀರಿನೊಳಗಿದೆ.

ಇದು ಕಾಗದದ ಮೇಲಿನ ಆಟ ಅಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕಡಲಲ್ಲಿ ಕಾಡ್ ಎಂಬ ಮೀನನ್ನು ಶತಮಾನಗಳಿಂದ ಹಿಡಿಯುತ್ತಿದ್ದರು. 1968ರಲ್ಲಿ ಒಂದೇ ವರ್ಷ ಸುಮಾರು 8 ಲಕ್ಷ ಟನ್ ಹಿಡಿದರು. 1980ರ ದಶಕದಲ್ಲಿ ದೊಡ್ಡ ಟ್ರಾಲರ್‌ಗಳ ಬಲೆ ತುಂಬುತ್ತಿದ್ದುದನ್ನು ನೋಡಿ ಕಡಲಲ್ಲಿ ಇನ್ನೂ ಬೇಕಾದಷ್ಟಿದೆ ಎಂದು ಅಂದಾಜು ಮಾಡಿದರು. ಉಳಿದ ಮೀನು ಗುಂಪುಗೂಡುತ್ತಿತ್ತು, ಗುಂಪು ಎಲ್ಲಿದೆ ಎಂದು ಯಂತ್ರ ತೋರಿಸುತ್ತಿತ್ತು. 1992ರ ಜುಲೈಯಲ್ಲಿ ಸರ್ಕಾರ ಮೀನುಗಾರಿಕೆಯನ್ನೇ ನಿಲ್ಲಿಸಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ಆ ನಿಷೇಧ ತೆಗೆದದ್ದು 2024ರಲ್ಲಿ, 32 ವರ್ಷದ ಮೇಲೆ. ಆಗಲೂ ಅನುಮತಿ ಸಿಕ್ಕಿದ್ದು 18,000 ಟನ್‌ಗೆ.

ಹಾಗಾದರೆ ದಾರಿ ಏನು? ಇಷ್ಟು ಬುಟ್ಟಿ ಎಂದು ಹಟ ಹಿಡಿಯುವ ಬದಲು ಇದ್ದುದರಲ್ಲಿ ನೂರಕ್ಕೆ 20 ಎಂದುಕೊಳ್ಳಿ. 500 ಇದ್ದಾಗ ಅದೇ 100 ಬುಟ್ಟಿ ಸಿಗುತ್ತದೆ. ಏನೋ ಕಾರಣಕ್ಕೆ ಮೀನು 300ಕ್ಕೆ ಇಳಿಯಿತು ಎನ್ನಿ. ಹುಟ್ಟುವುದು 84, ನಾವು ಹಿಡಿಯುವುದು 60. ಕಡಲು ತಾನೇ ಚೇತರಿಸಿಕೊಳ್ಳುತ್ತದೆ. ಅದೇ 100 ಬುಟ್ಟಿಯೇ ಬೇಕು ಎಂದರೆ ಇನ್ನೂ ಇಳಿಯುತ್ತದೆ.

ಸಮುದ್ರದಲ್ಲಿ ಮೀನು ಎಣಿಸುವವರು ಯಾರು ಎಂದು ನೀವು ಕೇಳಬಹುದು. ಅದಕ್ಕೇ ನಮ್ಮಲ್ಲಿ ಮೀನಿನ ಬದಲು ದಿನ ಎಣಿಸುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಕೇಂದ್ರದ ಆದೇಶದಂತೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ರಜೆ. ಪೂರ್ವದಲ್ಲಿ ಏಪ್ರಿಲ್ 15ರಿಂದ ಜೂನ್ 14, ಅಲ್ಲೂ 61. ದೋಣಿ ಇಷ್ಟು, ದಿನ ಇಷ್ಟು ಎಂದು ಕಟ್ಟಿದರೆ ಮೀನು ಕಡಿಮೆಯಾದ ವರ್ಷ ಬಲೆಗೆ ಬೀಳುವುದೂ ತಾನಾಗಿ ಕಡಿಮೆಯಾಗುತ್ತದೆ. ಅಂದರೆ ಅದು ಹೆಚ್ಚುಕಡಿಮೆ ಶೇಕಡಾ ಲೆಕ್ಕವೇ. ಇಲ್ಲಿಯ ಕೋಳಿಗಳ ನಾರಳಿ ಪೂರ್ಣಿಮೆ, ನಮ್ಮ ಮೊಗವೀರರ ನೂಲ ಹುಣ್ಣಿಮೆಯ ಸಮುದ್ರಪೂಜೆ, ಇವೆಲ್ಲ ಸೂತ್ರವಿಲ್ಲದೆ ಪಾಲಿಸಿಕೊಂಡು ಬಂದ ರಜೆಯ ಕೊನೆಯ ದಿನಗಳೇ. ಆದರೆ ಉಳಿದ 304 ದಿನದಲ್ಲಿ ಎಂಜಿನ್ ದೊಡ್ಡದಾದರೆ, ಬಲೆಯ ಕಣ್ಣು ಸಣ್ಣದಾದರೆ, ರಾತ್ರಿ ಎಲ್‌ಇಡಿ ದೀಪ ಉರಿಸಿ ಮೀನನ್ನು ಕರೆದರೆ 20 ಇದ್ದದ್ದು ಯಾವಾಗ 25 ಆಯಿತೋ ಯಾರಿಗೂ ತಿಳಿಯುವುದಿಲ್ಲ.

ನಮ್ಮ ಮಾರ್ಕೆಟ್‌ನಲ್ಲಿ ಮೀನು ಮಾರುವ ಮಾವಶಿಯ ಹತ್ತಿರ ಇದನ್ನೆಲ್ಲ ಹೇಳಿದೆ. ಸಣ್ಣ ಪಾಂಫ್ರೆಟ್ ಯಾಕೆ ತರುತ್ತೀರಿ ಎಂದೂ ಕೇಳಿದೆ. "ನೀವೇ ಅಲ್ವಾ ಫ್ರೈಗೆ ಸಣ್ಣದು ಕೊಡು ಅನ್ನೋದು? ದೊಡ್ಡದಕ್ಕೆ ರೇಟ್ ಹೇಳಿದರೆ ಮುಂದೆ ಹೋಗ್ತೀರಿ. ಮತ್ತೆ ಆ ಎರಡು ತಿಂಗಳು ನನ್ನ ಮನೆ ಯಾರು ನಡೆಸ್ತಾರೆ?" ಎಂದಳು. ನನ್ನ ಎಕ್ಸೆಲ್‌ನಲ್ಲಿ ಅವಳಿಗೆ ಕಾಲಮ್ ಇಲ್ಲ. ಎಷ್ಟು ಬಿಡಬೇಕು ಎಂದು ಗಣಿತ ಹೇಳುತ್ತದೆ, ಬಿಟ್ಟದ್ದರ ಹೊರೆ ಯಾರು ಹೊರಬೇಕು ಎಂದು ಹೇಳುವುದಿಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ಇದೇ ಪ್ರಶ್ನೆಯ ಹಿಂದೆ ಹೋದವರು. ಮೀನುಗಾರರು, ನೀರಾವರಿ ರೈತರು ತಾವೇ ಕೂತು ಮಾಡಿಕೊಂಡ ನಿಯಮ ಎಷ್ಟೋ ಕಡೆ ತಲೆಮಾರುಗಳವರೆಗೆ ನಿಂತದ್ದನ್ನು ಅವರು ತೋರಿಸಿಕೊಟ್ಟರು. ನಿಯಮ ಮಾಡುವ ಸಭೆಯಲ್ಲಿ ಮಾವಶಿಗೂ ಒಂದು ಕುರ್ಚಿ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಮಹಾರಾಷ್ಟ್ರದಲ್ಲಿ 2023ರಿಂದ 54 ಜಾತಿಯ ಮೀನುಗಳಿಗೆ ಕನಿಷ್ಠ ಅಳತೆ ಇದೆ. ಬಿಳಿ ಪಾಂಫ್ರೆಟ್‌ಗೆ 135 ಮಿಲಿಮೀಟರ್. ಮಕ್ಕಳ ಕಂಪಾಸ್ ಪೆಟ್ಟಿಗೆಯ ಸ್ಕೇಲ್‌ಗಿಂತ ಒಂದೂವರೆ ಸೆಂಟಿಮೀಟರ್ ಕಡಿಮೆ ಅಷ್ಟೇ. ಮಾರ್ಕೆಟ್‌ಗೆ ಸ್ಕೇಲ್ ಒಯ್ದರೆ ಮಾವಶಿ ನಗುತ್ತಾಳೆ, ನನ್ನ ಗೇಣಿನಲ್ಲಿ ಒಂದು ಗುರುತು ಇಟ್ಟುಕೊಂಡಿದ್ದೇನೆ.

ಎಕ್ಸೆಲ್ ಹಾಳೆಯನ್ನು ಮಹಿಳಾ ವಿಭಾಗದ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ. 110 ಇರುವಲ್ಲಿ 95 ಎಂದು ಬರೆದು ನೋಡಿ. ಕಡಲು ಏರುತ್ತ ಹೋಗಿ 600 ದಾಟಿ ನಿಲ್ಲುತ್ತದೆ. ಬಿದಿರು ಇಟ್ಟುಕೊಂಡವರು ಕಾಲಮ್‌ನ ಹೆಸರು ಬದಲಿಸಿಕೊಳ್ಳಿ.