ಗಿರಣಿಯ ಸೀಮೆ, ಹತ್ತಿಯ ಸೀಮೆ



1861ರಲ್ಲಿ ಅಮೆರಿಕೆಯೊಳಗೆ ಅಂತರ್ಯುದ್ಧ ಹೊತ್ತಿತು. ಉತ್ತರದಲ್ಲಿ ಕಾರಖಾನೆ, ರೈಲು, ಕೂಲಿ ಪಡೆಯುವ ಆಳುಗಳು. ದಕ್ಷಿಣದಲ್ಲಿ ಹತ್ತಿಯ ಹೊಲ, ಸುಮಾರು 40 ಲಕ್ಷ ಗುಲಾಮರು. ತಮ್ಮ ಸರಕು ಉಳಿಯಲೆಂದು ಉತ್ತರದವರು ಆಮದು ಸುಂಕ ಬಯಸಿದರು; ಇಂಗ್ಲೆಂಡಿಗೆ ಹತ್ತಿ ಮಾರುವ ದಕ್ಷಿಣದ ಜಮೀನುದಾರರಿಗೆ ಅದು ಬೇಡ. ಜಗಳ ಸುಂಕದ್ದೇ ಎನ್ನುವವರುಂಟು, ನಾವು ಒಪ್ಪೆವು. ಬೇರು ಗುಲಾಮಗಿರಿಯಲ್ಲಿತ್ತು.

ಅದರಿಂದ ನಮಗೇನು ಎನ್ನಬೇಡಿ. ದಕ್ಷಿಣದ ಬಂದರುಗಳಿಗೆ ತಡೆ ಬಿದ್ದೊಡನೆ ಮ್ಯಾಂಚೆಸ್ಟರಿನ ಗಿರಣಿಗಳು ಬಾಯಿಬಿಟ್ಟವು. ನಮ್ಮ ಧಾರವಾಡದ ಹತ್ತಿಗೆ ಎಂದೂ ಕಾಣದ ದರ ಬಂತು. ಅದನ್ನು ಸಾಗಿಸುವ ಕಾರವಾರ ಬಂದರಿನ ಆಸೆಗೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಮುಂಬಯಿಗೆ ಸೇರಿಸಿದರು! 1865ರಲ್ಲಿ ಯುದ್ಧ ಮುಗಿಯಿತು, ದರ ಬಿತ್ತು. ಏರಿದ ದರ ನಂಬಿ ರೈತ ಮಾಡಿದ ಸಾಲ ಬೀಳಲಿಲ್ಲ. ಮೇಲೆ ಸರಕಾರ ಕಂದಾಯ ಏರಿಸಿತು. ಇದೇ ಪುಣೆ ಜಿಲ್ಲೆಯ ಸುಪೆಯಲ್ಲಿ 1875ರ ಮೇ 12ರಂದು ರೈತರು ಸಾವುಕಾರರ ಮೇಲೆ ಎದ್ದರು. ಸಾಲಪತ್ರಗಳಿಗೆ ಬೆಂಕಿ ಬಿತ್ತು.

ಹತ್ತಿ ಬೆಳೆಯುವ ಊರು ಬಿಟ್ಟು ಗಿರಣಿಯ ಊರಿಗೆ ಬಂದವರು ನಮ್ಮಲ್ಲಿ ಎಷ್ಟು ಜನ! ಹೊಟೇಲಿನವರೂ ಬೇರೆಯಲ್ಲ. ಬರುವ ಸಭೆಗೆ ಊರಿಗೆ ಕಾಗದ ಬರೆದು ಕೇಳಿ ಬನ್ನಿ: ಈ ಸಲ ಹತ್ತಿಯ ದರವೆಷ್ಟು, ಮನೆಯ ಸಾಲವೆಷ್ಟು?