ಸೊನ್ನೆಯಿಂದ ಎದ್ದ ಸ್ತಂಭಗಳು



ಕಾಸರಗೋಡಿನ ಈ ಕನ್ನಡ ಶಾಲೆಯ ಶತಮಾನೋತ್ಸವದಲ್ಲಿ ಗಣಿತದ ಸಣ್ಣ ಪಾಠವೊಂದನ್ನು ತಮ್ಮ ಮುಂದಿಡಬಯಸುತ್ತೇವೆ.

ಸ್ತಂಭಾಲೇಖವನ್ನು ಕಲಿಸುವಾಗ ನಾವು ಮೊದಲು ಮಕ್ಕಳ ಕೈಗೆ ಕಾಗದದ ಸಮಾನ ಚೌಕಗಳನ್ನು ಕೊಡುತ್ತೇವೆ. ಮನೆಯಲ್ಲಿ ಹೆಚ್ಚಾಗಿ ಆಡುವ ಭಾಷೆಯನ್ನು ನೆನೆದು, ತುಳು, ಮಲಯಾಳ, ಕೊಂಕಣಿ, ಮರಾಠಿ, ಕನ್ನಡ ಎಂಬ ಸಾಲುಗಳಲ್ಲೊಂದರ ಮೇಲೆ ಪ್ರತಿ ಮಗುವೂ ತನ್ನ ಚೌಕವನ್ನು ಅಂಟಿಸುತ್ತದೆ. ಒಂದು ಮಗುವಿಗೆ ಒಂದು ಚೌಕ, ಅದೇ ಪ್ರಮಾಣ. ಕನ್ನಡದ ಸಾಲು ಗಿಡ್ಡವಾದರೂ ಒಂದು ಚೌಕವನ್ನೂ ಹೆಚ್ಚಿಗೆ ಅಂಟಿಸುವಂತಿಲ್ಲ. ಬಳಿಕ ಅಕ್ಷಗಳನ್ನೆಳೆದು, ಸಮಾನ ಅಗಲದ ಸ್ತಂಭಗಳನ್ನು ಸಮಾನ ಅಂತರದಲ್ಲಿ ನಿಲ್ಲಿಸುತ್ತಾರೆ.

ಲಂಬಾಕ್ಷವು ಸೊನ್ನೆಯಿಂದಲೇ ಆರಂಭವಾಗಬೇಕೆಂಬುದು ನಾವು ಬಿಡದೆ ಹೇಳುವ ನಿಯಮ. ತರಗತಿಯ 40 ಮಕ್ಕಳು 35 ಆದರೆಂದು ಭಾವಿಸೋಣ. ಸೊನ್ನೆಯಿಂದ ಎಳೆದರೆ ಸ್ತಂಭವು ಎಂಟನೆಯ ಒಂದು ಪಾಲು ಮಾತ್ರ ತಗ್ಗುತ್ತದೆ. 30ರಿಂದ ಎಳೆದರೆ ಅರ್ಧಕ್ಕೆ ಕುಸಿದಂತೆ ಕಾಣುತ್ತದೆ. ಅಂಕಿ ನಿಜವಾಗಿದ್ದರೂ ಚಿತ್ರ ಸುಳ್ಳಾಡೀತು.

1786ರಲ್ಲಿ ವಿಲಿಯಂ ಪ್ಲೇಫೇರ್ ಸ್ಕಾಟ್ಲೆಂಡಿನ ವ್ಯಾಪಾರವನ್ನು ಸ್ತಂಭಗಳಲ್ಲಿ ತೋರಿಸಿದಾಗ ಆತನ ಬಳಿ ಒಂದೇ ವರ್ಷದ ಅಂಕಿಗಳಿದ್ದವು. ನಮ್ಮಲ್ಲಾದರೋ ದಾಖಲಾತಿ ಪುಸ್ತಕಗಳ ಸಾಲೇ ಇದೆ. ಅವುಗಳಿಂದ ಮಕ್ಕಳು ಎಳೆದ ಸ್ತಂಭಗಳು ಈಚೆಗೆ ತಗ್ಗುತ್ತಿವೆ. ಅದನ್ನು ನಾವು ಮರೆಮಾಚಲಿಲ್ಲ, ಹಿಗ್ಗಿಸಿ ಹೆದರಿಸಲೂ ಇಲ್ಲ. ಸೊನ್ನೆಯಿಂದಲೇ ಎಳೆಯಿಸಿ ಗೋಡೆಗೆ ತೂಗುಹಾಕಿದ್ದೇವೆ. ಬಲಬದಿಯಲ್ಲಿ ಮುಂದಿನ ವರ್ಷಗಳಿಗೆ ಜಾಗ ಬಿಟ್ಟಿದ್ದೇವೆ. ಆ ಜಾಗದಲ್ಲಿ ಏಳಬೇಕಾದ ಸ್ತಂಭಗಳು ತಮ್ಮ ಮನೆಗಳಿಂದಲೇ ಬರಬೇಕು.