ಕೆಟ್ಟ ಎಲೆಗೆ ಒಳ್ಳೆ ಫ್ಲಾಪ್ ಬಿದ್ದಾಗ

ಇವತ್ತಿನ ಮಾತು ಪೋಕರ್ ಬಗ್ಗೆ. ರೊಕ್ಕದ ಪೋಕರ್ ಅಲ್ಲ, ಮನೆಯಲ್ಲಿ ಗೆಳೆಯರು ಕೂತು ಆಡೋದು. ವಾಡಿಯಲ್ಲಿ ನಾವು ಐದು ಮಂದಿ, ಎಲ್ಲರಿಗೂ ಶಿಫ್ಟ್ ಇಲ್ಲದ ಸಂಜೆ ನೋಡಿ ಸೇರ್ತೀವಿ. ಶಹಾಬಾದ್ ಪರಸಿಯ ತಣ್ಣನೆ ನೆಲ, ನಡುವೆ ಒಂದು ಟವೆಲ್, ಚಿಪ್ಸ್ ಬದಲು ಹುಣಸೆ ಬೀಜ. ತಲೆಗೆ 200 ಬೀಜ. ಆಟ ಮುಗಿದರೆ ಎಲ್ಲಾ ವಾಪಸ್ ಡಬ್ಬಿಗೆ.

ನಮ್ಮ ಕಡೆ ಬಹಳ ಮಂದಿ ಮೊದಲು ಕಲಿಯೋದು ರಮ್ಮಿ, ಇಲ್ಲಾ ಮೂರೆಲೆ. ಮೂರೆಲೆಯಲ್ಲಿ ಕೈಗೆ ಏನು ಬಂತೋ ಅಷ್ಟೇ, ಅದು ಬದಲಾಗಲ್ಲ. ಟೆಕ್ಸಾಸ್ ಹೋಲ್ಡೆಮ್ ಹಂಗಲ್ಲ ನೋಡ್ರಿ. ನಿಮ್ಮ ಕೈಯಲ್ಲಿ ಎರಡೇ ಎಲೆ. ನೆಲದ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಬರ್ತಾವೆ. ಮೊದಲು ಒಟ್ಟಿಗೆ ಮೂರು, ಅದೇ ಫ್ಲಾಪ್. ಆಮೇಲೆ ಒಂದು, ಟರ್ನ್. ಕೊನೆಗೆ ಇನ್ನೊಂದು, ರಿವರ್. ಅದಕ್ಕೇ ಇಲ್ಲಿ ಕೆಟ್ಟ ಎಲೆಯೂ ಒಂದೇ ಕ್ಷಣದಲ್ಲಿ ಮೇಲೆ ಏಳಬಹುದು.

ಒಂದು ಕೈ ಹೇಳ್ತೀನಿ. ನಾನು ಬಿಗ್ ಬ್ಲೈಂಡ್. ಅಂದ್ರೆ ಎಲೆ ನೋಡೋಕ್ಕೂ ಮುಂಚೆ ಕಡ್ಡಾಯವಾಗಿ 10 ಬೀಜ ಇಡೋ ಸರದಿ. ನನಗೆ ಬಂದದ್ದು ಇಸ್ಪೀಟ್ 9, ಕಳಾವರ್ 4. ಜೋಡಿ ಇಲ್ಲ, ಒಂದೇ ಬಣ್ಣ ಅಲ್ಲ, ಹತ್ತಿರದ ನಂಬರೂ ಅಲ್ಲ. ರಮ್ಮಿಯಲ್ಲಾಗಿದ್ರೆ ಮೊದಲೇ ಡ್ರಾಪ್ ಹೊಡೀತಿದ್ದೆ. ಆದ್ರೆ ಮೂವರು 10-10 ಹಾಕಿದರು, ಯಾರೂ ಏರಿಸಲಿಲ್ಲ. ಸ್ಮಾಲ್ ಬ್ಲೈಂಡ್‌ನವನು 5 ಬಿಟ್ಟು ಎದ್ದ. ಪಾಟ್‌ನಲ್ಲಿ 45. ಫ್ಲಾಪ್ ನೋಡೋಕೆ ನನಗೆ ಹೊಸದಾಗಿ ಒಂದು ಬೀಜವೂ ಖರ್ಚಿಲ್ಲ. ಇದು ನೆನಪಿರಲಿ, ಆ ಎಲೆ ಆಡೋಕೆ ಇದ್ದ ಒಂದೇ ಕಾರಣ ಇದು.

ಫ್ಲಾಪ್: ಆಟೀನ್ 9, ಡೈಮಂಡ್ 4, ಆಟೀನ್ 6. ನನಗೆ ಎರಡು ಜೋಡಿ!

ಇಲ್ಲಿ ಹೊಸಬರು ಮಾಡೋದು ಒಂದೇ. ಸುಮ್ಮನೆ ಕೂತು, ಚೆಕ್ ಅಂದು, ಬಲೆ ಹಾಕ್ತಾರೆ. ಆದ್ರೆ ನೆಲದ ಮೇಲೆ ಎರಡು ಆಟೀನ್ ಇದಾವೆ. ಯಾರದೋ ಕೈಯಲ್ಲಿ ಇನ್ನೆರಡು ಆಟೀನ್ ಇದ್ರೆ, ಟರ್ನ್ ಮತ್ತು ರಿವರ್ ಸೇರಿ ಅವನಿಗೆ ಫ್ಲಶ್ ಆಗೋ ಸಾಧ್ಯತೆ ಸುಮಾರು 35%. ನಾನು ಫುಲ್ ಹೌಸ್‌ಗೆ ಏರೋ ಸಾಧ್ಯತೆ 16% ಚಿಲ್ಲರೆ ಅಷ್ಟೇ. 7-8 ಹಿಡಿದವನು ಸೀಕ್ವೆನ್ಸ್‌ಗೆ ಕಾಯ್ತಿರ್ತಾನೆ, ಅದು ಬೇರೆ.

ಅದಕ್ಕೆ ಬೆಟ್ ಕಟ್ಟಬೇಕು. ಎಷ್ಟು? ನಾನು 30 ಇಟ್ಟೆ. ಲೆಕ್ಕ ನೋಡ್ರಿ: ಆಟೀನ್‌ನವನು 30 ಹಾಕಿ 75ಕ್ಕೆ ಆಸೆಪಡಬೇಕು. ಅದು ಗಿಟ್ಟಬೇಕಾದರೆ ಅವನಿಗೆ ಸುಮಾರು 29% ಅವಕಾಶ ಬೇಕು. ಮುಂದಿನ ಒಂದು ಎಲೆಗೆ ಅವನಿಗಿರೋದು 47ರಲ್ಲಿ 9, ಅಂದ್ರೆ 19%. ಅದೇ ನಾನು ನಾಚಿಕೊಂಡು 10 ಇಟ್ಟಿದ್ರೆ? ಅವನಿಗೆ 15% ಸಾಕಾಗಿತ್ತು. ಕಡಿಮೆ ಬೆಟ್ ಕಟ್ಟಿ ನಾನೇ ಅವನ ಆಟ ಸರಿ ಮಾಡಿಕೊಟ್ಟಂಗೆ.

ಇನ್ನೊಂದು ಮಾತು, ಇದು ಬಹಳ ಮಂದಿ ಗಮನಿಸೋದಿಲ್ಲ. ಒಳ್ಳೆ ಫ್ಲಾಪ್ ಬಿದ್ದರೂ ಆ 4 ಇನ್ನೂ 4 ಅಷ್ಟೇ. ಎದುರಿನವನ ಹತ್ರ ಎಕ್ಕ-9 ಇದೆ ಅನ್ಕೊಳ್ಳಿ. ಈಗ ನಾನು ಮುಂದೆ. ಟರ್ನ್‌ನಲ್ಲಿ ಇನ್ನೊಂದು 6 ಬಿತ್ತು ಅಂದ್ರೆ? ಇಬ್ಬರಿಗೂ 9 ಮತ್ತು 6ರ ಜೋಡಿ. ನನ್ನ 4ರ ಜೋಡಿ ಲೆಕ್ಕಕ್ಕೇ ಇಲ್ಲ, ಅವನ ಎಕ್ಕ ಗೆಲ್ಲುತ್ತೆ. 10ರ ಜೋಡಿ ಹಿಡಿದವನೂ ಅದೇ 6ರಿಂದ ನನ್ನನ್ನ ದಾಟ್ತಾನೆ. ಹಾಗಾಗಿ ಇಂಥ ಕೈಯನ್ನ ಬೇಗ ಆಡಿ, ಬೇಗ ವಸೂಲಿ ಮಾಡಬೇಕು.

ಆಮೇಲೆ ಏನಾಯ್ತು? ಇಬ್ಬರು ಬಿಟ್ಟರು, ಒಬ್ಬ 30 ಹಾಕಿದ. ಪಾಟ್ 105. ಟರ್ನ್: ಆಟೀನ್ 2. ನಾನು ಚೆಕ್, ಅವನು 70. ಈಗ ನನ್ನನ್ನು ಉಳಿಸೋ ಎಲೆ 46ರಲ್ಲಿ ನಾಲ್ಕೇ, 9% ಕೂಡ ಆಗಲ್ಲ. ಆ ಬೆಲೆಗೆ ಬೇಕಿದ್ದದ್ದು 29%. ಅವನು ಸುಳ್ಳು ಆಡೋ ಪೈಕಿ ಅಲ್ಲ. ಎಲೆ ಮಡಚಿದೆ. ಅವನು ತೋರಿಸಿದ: ಆಟೀನ್ ಎಕ್ಕ, ಆಟೀನ್ 10.

ಎಲ್ಲರೂ ನಕ್ಕರು. "ಅಷ್ಟು ಚಂದ ಫ್ಲಾಪ್ ಬಿದ್ದರೂ ಸೋತೆಲ್ಲೋ" ಅಂದರು. ಹೌದು, 40 ಬೀಜ ಹೋಯ್ತು. ಆದ್ರೆ ಅದೇ ಕೈ ಮತ್ತೆ ಬಂದರೆ ಮತ್ತೆ 30 ಇಡ್ತೀನಿ. ಸರಿಯಾಗಿ ಆಡಿ ಸೋಲೋದು ಈ ಆಟದಲ್ಲಿ ಇದ್ದದ್ದೇ.

ಅಪಾಯ ಇರೋದು ತಪ್ಪಾಗಿ ಆಡಿ ಗೆದ್ದಾಗ. ಜೋಡಿ ಅಲ್ಲದ ಎರಡು ಎಲೆಗೆ ಫ್ಲಾಪ್‌ನಲ್ಲಿ ಹಿಂಗೆ ಎರಡು ಜೋಡಿ ಬೀಳೋದು ಸುಮಾರು 50 ಸಲಕ್ಕೆ ಒಮ್ಮೆ. ಪ್ರತಿ ಸಲ 10 ಬೀಜ ಕೊಟ್ಟು ಒಳಗೆ ಬಂದರೆ ಆ ಒಂದು ಸಲಕ್ಕೆ 500 ಬೀಜ ಖರ್ಚು. ವೇಟಿಂಗ್ ಲಿಸ್ಟ್ ಟಿಕೆಟ್ ಒಮ್ಮೆ ಕನ್ಫರ್ಮ್ ಆಯ್ತು ಅಂತ ವಾಡಿ ಜಂಕ್ಷನ್‌ನಿಂದ ಪ್ರತಿ ಸಲ ವೇಟಿಂಗ್ ಟಿಕೆಟ್ ಹಿಡಿದು ಮುಂಬೈಗೆ ಹೊರಡ್ತೀರಾ?

ನನ್ನ ಗೆಳೆಯನೊಬ್ಬ ಹಂಗೇ ಹೊರಟ. ಫೋನ್‌ನಲ್ಲಿ ಒಂದು ಆ್ಯಪ್, 7-2 ಹಿಡಿದು ದೊಡ್ಡ ಪಾಟ್ ಗೆದ್ದ. ಸ್ಕ್ರೀನ್‌ಶಾಟ್ ಗ್ರೂಪಿಗೆಲ್ಲ ಹೋಯ್ತು. ಆಮೇಲೆ ಯಾವ ಎಲೆಯನ್ನೂ ಬಿಡದಂಗಾದ. ಬೈಕಿನ ಕಂತಿನ ರೊಕ್ಕ ಹೋಯ್ತು, ತಂಗಿಯ ಫೀಸಿಗೆ ಇಟ್ಟದ್ದೂ ಹೋಯ್ತು. ಅದರ ಸ್ಕ್ರೀನ್‌ಶಾಟ್ ಯಾರಿಗೂ ಬರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ರೊಕ್ಕ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಷೇಧಿಸೋ ಕಾಯ್ದೆ ಪಾಸ್ ಮಾಡಿತು. ಅಷ್ಟರೊಳಗೆ ಅವನ ಕೈ ಖಾಲಿ.

ಈಗ ಅವನೂ ನಮ್ಮ ಜೊತೆ ಹುಣಸೆ ಬೀಜದ ಮೇಲೆ ಆಡ್ತಾನೆ. ಮೊನ್ನೆ 7-2 ಬಂತು. ನೋಡಿದ, ಮಡಚಿ ಇಟ್ಟ. ಫ್ಲಾಪ್‌ನಲ್ಲಿ ಎರಡು 7 ಬಿದ್ದವು! ಎಲ್ಲರೂ ಅವನ ಮುಖ ನೋಡಿದ್ವಿ. "ಇರಲಿ ಬಿಡ್ರೋ" ಅಂದ, ಚಹಾ ತರೋಕೆ ಎದ್ದ.

ಇವತ್ತಿಗೆ ಇಷ್ಟು. ನಿಮ್ಮ ಮನೆ ಆಟದ ಕತೆ ಇದ್ರೆ ಕಳಿಸ್ರಿ, ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.